ಆಸ್ಪಿರಿನ್ ಬೇಡ ಅಂದದ್ದು ಯಾರಿಗೆ?

ಹೋದ ವಾರ ಒಬ್ಬರು ಚೆಕಪ್‌ಗೆ ಬಂದಿದ್ದರು. ವಯಸ್ಸು ಐವತ್ತೆಂಟು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ನಾಲ್ಕು ತಿಂಗಳಾಗಿತ್ತು. ಜೊತೆಗಿದ್ದ ಮಗಳು ಬ್ಯಾಗಿನಿಂದ ಮಾತ್ರೆಗಳನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟರು. ಕೊಲೆಸ್ಟ್ರಾಲ್ ಮಾತ್ರೆಯ ಸ್ಟ್ರಿಪ್ ಮುಗಿಯುತ್ತಾ ಬಂದಿತ್ತು, ಆಸ್ಪಿರಿನ್ ಸ್ಟ್ರಿಪ್ ಮಾತ್ರ ಅರ್ಧಕ್ಕೇ ನಿಂತಿತ್ತು. ಯಾಕೆ ಅಂತ ಕೇಳಿದೆ. "ಅದರಿಂದ ಲಾಭ ಇಲ್ಲ ಅಂತ ಸಂಶೋಧನೆಯಲ್ಲೇ ಬಂದಿದೆಯಂತಲ್ಲ ಡಾಕ್ಟ್ರೇ, ಮೊಬೈಲ್‌ನಲ್ಲಿ ಓದಿದೆ. ಬಿಟ್ಟು ಒಂಬತ್ತು ದಿನ ಆಯ್ತು" ಅಂದರು.

ನನಗೆ ಎದೆ ಧಸಕ್ಕೆಂದಿತು. ಅವರು ಓದಿದ ಸುದ್ದಿ ಸುಳ್ಳಲ್ಲ. ಆದರೆ ಅದು ಅವರಂಥವರ ಬಗ್ಗೆ ಬಂದ ಸುದ್ದಿಯೇ ಅಲ್ಲ. ಇದೇ ಗೊಂದಲ ಎಷ್ಟೋ ಜನರಲ್ಲಿ ನೋಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಕ್ತ ಹೆಪ್ಪುಗಟ್ಟೋದಕ್ಕೆ ಅದರಲ್ಲಿರುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಬೇಕು. ಆಸ್ಪಿರಿನ್ ಆ ಅಂಟನ್ನು ಕಡಿಮೆ ಮಾಡುತ್ತದೆ. ಒಂದು ಸಲ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಮತ್ತೆ ಸರಿಹೋಗೋದಿಲ್ಲ. ಅದರ ಆಯಸ್ಸೇ ಎಂಟು-ಹತ್ತು ದಿನ, ಸಾಯುವವರೆಗೂ ಹಾಗೇ ಇರುತ್ತದೆ. ಅದಕ್ಕೇ ದಿನಕ್ಕೊಂದು ಪುಟ್ಟ ಮಾತ್ರೆ ಸಾಕಾಗುತ್ತದೆ. ಆದರೆ ಇದೇ ಮಾತ್ರೆ ಹೊಟ್ಟೆಯ ಒಳಪದರಕ್ಕಿರುವ ರಕ್ಷಣೆಯನ್ನೂ ತೆಗೆಯುತ್ತದೆ. ಅಲ್ಲಿ ಹುಣ್ಣಾಗಬಹುದು, ಹುಣ್ಣಿನಿಂದ ರಕ್ತ ಹೋದರೆ ಬೇಗ ನಿಲ್ಲುವುದೂ ಇಲ್ಲ. ಹೊರಗಡೆ ಕೋಟಿಂಗ್ ಇರುವ ಮಾತ್ರೆ ತಗೊಂಡರೆ ಈ ಅಪಾಯ ಇರಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಆಸ್ಪಿರಿನ್ ರಕ್ತಕ್ಕೆ ಸೇರಿದ ಮೇಲೂ ಇದೇ ಕೆಲಸ ಮಾಡುತ್ತದೆ.

ಹಾಗಾದರೆ ಹಿಂದೆ ಎಲ್ಲರಿಗೂ ಯಾಕೆ ಕೊಡುತ್ತಿದ್ದರು? 1989ರಲ್ಲಿ ಅಮೆರಿಕದಲ್ಲಿ 22,071 ಗಂಡಸರ ಮೇಲೆ, ಅವರೆಲ್ಲ ಡಾಕ್ಟರುಗಳೇ, ನಡೆದ ಅಧ್ಯಯನದ ಫಲಿತಾಂಶ ಬಂತು. ಆಸ್ಪಿರಿನ್ ತಗೊಂಡವರಲ್ಲಿ ಹೃದಯಾಘಾತ ಶೇ. 44ರಷ್ಟು ಕಡಿಮೆ! ದೊಡ್ಡ ಸುದ್ದಿ ಆಯಿತು. ಲೆಕ್ಕ ಬಿಡಿಸಿ ನೋಡಿದರೆ, ಸುಮಾರು ಐದು ವರ್ಷದಲ್ಲಿ ಸಾವಿರ ಜನರಲ್ಲಿ 22 ಮಂದಿಗೆ ಆಗಬೇಕಾದ ಹೃದಯಾಘಾತ 13 ಮಂದಿಗೆ ಆಗಿತ್ತು. ಒಳ್ಳೆಯದೇ. ಆದರೆ 44 ಅಂತ ಕೇಳಿದಾಗ ಮನಸ್ಸಿಗೆ ಬರುವ ಚಿತ್ರವೇ ಬೇರೆ, ಅಲ್ವಾ? ಶೇಕಡಾ ಹೇಳುವ ಯಾವ ಆರೋಗ್ಯ ಸುದ್ದಿ ಕಂಡರೂ "ಸಾವಿರ ಜನರಲ್ಲಿ ಎಷ್ಟು ಮಂದಿ?" ಅಂತ ಕೇಳಿ ನೋಡಿ.

ಆಮೇಲೆ ಕಾಲ ಬದಲಾಯಿತು. ಬಿಪಿಗೆ, ಕೊಲೆಸ್ಟ್ರಾಲ್‌ಗೆ ಒಳ್ಳೆ ಮಾತ್ರೆಗಳು ಬಂದವು, ಆಸ್ಪಿರಿನ್‌ನಿಂದ ಸಿಗುವ ಹೆಚ್ಚುವರಿ ಲಾಭ ಕಡಿಮೆಯಾಯಿತು. 2018ರಲ್ಲಿ ಒಟ್ಟೊಟ್ಟಿಗೆ ದೊಡ್ಡ ಅಧ್ಯಯನಗಳ ಫಲಿತಾಂಶ ಬಂದವು. ಅವುಗಳಲ್ಲಿ ಅಸೆಂಡ್ ಅನ್ನೋದನ್ನು ನೋಡಿ: ಸಕ್ಕರೆ ಕಾಯಿಲೆ ಇದ್ದು ಹೃದಯದ ತೊಂದರೆ ಇಲ್ಲದ 15,480 ಜನ, ಏಳು ವರ್ಷಕ್ಕೂ ಜಾಸ್ತಿ ಕಾಲ. ಸಾವಿರ ಜನಕ್ಕೆ ಲೆಕ್ಕ ಹಾಕಿದರೆ ಆಸ್ಪಿರಿನ್‌ನಿಂದ 11 ಮಂದಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಯಿಂದ ಪಾರಾದರು, ಹೆಚ್ಚುವರಿಯಾಗಿ 9 ಮಂದಿಗೆ ಗಂಭೀರ ರಕ್ತಸ್ರಾವ ಆಯಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಆಸ್ಪ್ರೀ ಅಧ್ಯಯನದಲ್ಲಿದ್ದ 19,114 ಜನ ಬಹುತೇಕ ಎಪ್ಪತ್ತು ದಾಟಿದವರು. ಅವರಲ್ಲಿ ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು. ಹೃದ್ರೋಗವೇ ಇಲ್ಲದ 60 ದಾಟಿದವರು ಮುನ್ನೆಚ್ಚರಿಕೆಗೆ ಅಂತ ಹೊಸದಾಗಿ ಆಸ್ಪಿರಿನ್ ಶುರು ಮಾಡಬೇಡಿ ಅಂತ 2022ರಲ್ಲಿ ಅಮೆರಿಕದ ತಜ್ಞರ ಸಮಿತಿ ಹೇಳಿತು. ನನ್ನ ಪೇಷೆಂಟ್ ಓದಿದ್ದು ಈ ಬಗೆಯ ಸುದ್ದಿ.

ಈ ಎಲ್ಲ ಅಧ್ಯಯನಗಳಲ್ಲಿ ಇದ್ದವರು ಹೃದಯಾಘಾತ ಆಗದವರು, ಸ್ಟೆಂಟ್ ಇಲ್ಲದವರು. ಸ್ಟೆಂಟ್ ಅಂದರೆ ರಕ್ತನಾಳದೊಳಗೆ ಇಟ್ಟ ಲೋಹದ ಬಲೆ. ಅದರ ಮೇಲೆ ಪದರ ಬೆಳೆದು ಮುಚ್ಚುವವರೆಗೆ ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಳ್ಳೋದಕ್ಕೆ ಅದು ಒಳ್ಳೆ ಜಾಗ. ಮೊದಲ ತಿಂಗಳುಗಳಲ್ಲಿ ಕೊಟ್ಟ ಮಾತ್ರೆಗಳನ್ನು ಸುಮ್ನೆ ನಿಲ್ಲಿಸಿದರೆ ಸ್ಟೆಂಟ್ ಒಮ್ಮೆಲೇ ಮುಚ್ಚಿಹೋಗಬಹುದು, ಪ್ರಾಣವೇ ಹೋಗಬಹುದು. ಹೃದಯಾಘಾತ ಆಗುತ್ತಿರುವಾಗಲಂತೂ ಆಸ್ಪಿರಿನ್‌ನ ಬೆಲೆ ದೊಡ್ಡದು. 1988ರ ಐಸಿಸ್-2 ಅಧ್ಯಯನದಲ್ಲಿ ಹೃದಯಾಘಾತವಾಯಿತೆಂಬ ಅನುಮಾನದಲ್ಲಿ ಆಸ್ಪತ್ರೆ ಸೇರಿದ 17,187 ಜನರಿದ್ದರು. ಆಸ್ಪಿರಿನ್ ತಗೊಂಡವರಲ್ಲಿ ಬರೀ ಐದು ವಾರದಲ್ಲಿ ಸಾವಿರಕ್ಕೆ 24 ಜೀವ ಜಾಸ್ತಿ ಉಳಿದವು.

ಹೃದಯದ ತೊಂದರೆ ಇಲ್ಲದೆ, ಯಾರೋ ಹೇಳಿದರು ಅಂತ ದಿನಾ ತಗೊಳ್ಳುತ್ತಿದ್ದೀರಾ? ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ "ನನಗೆ ಇದು ಯಾಕೆ?" ಅಂತ ಕೇಳಿ. ಉತ್ತರ ಸಿಗುವ ಮೊದಲೇ ನೀವಾಗಿ ನಿಲ್ಲಿಸಬೇಡಿ. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋದರೆ ಹೊಟ್ಟೆಯಲ್ಲಿ ರಕ್ತ ಹೋಗುತ್ತಿರಬಹುದು, ಆಗ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

ನನ್ನ ಆ ಪೇಷೆಂಟ್ ಅವರ ಇಸಿಜಿ ಸರಿಯಾಗಿತ್ತು. ಸದ್ಯ, ಜೊತೆಗೆ ಕೊಟ್ಟಿದ್ದ ಇನ್ನೊಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ಬಿಟ್ಟಿರಲಿಲ್ಲ. ಆಸ್ಪಿರಿನ್ ಅಲ್ಲೇ ನುಂಗಿದರು. ಎದ್ದು ಹೊರಡುವಾಗ, ಬರುವ ವಾರ ಹಲ್ಲು ಕೀಳಿಸಬೇಕು, ಅದಕ್ಕಾದರೂ ನಿಲ್ಲಿಸಬೇಕಾ ಅಂತ ಕೇಳಿದರು. ಸಾಮಾನ್ಯವಾಗಿ ಬೇಕಾಗಿಲ್ಲ. ಸ್ಟೆಂಟ್ ಇರುವುದನ್ನು ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ, ಅವರು ಯಾವುದಾದರೂ ಮಾತ್ರೆ ನಿಲ್ಲಿಸಿ ಅಂದರೆ ನನಗೊಂದು ಫೋನ್ ಮಾಡಿಸಿ ಅಂದೆ. ಮಗಳು ಅದನ್ನು ಚೀಟಿಯ ಹಿಂದೆ ಬರೆದುಕೊಂಡರು.