ಘಾಟಿ ಹತ್ತುವ ಮೊದಲು ಹೋಸ್ ಪೈಪ್ ನೋಡಿ

ಎಂಜಿಬಿಯಂಥ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ದೂರ ಹೊರಟಾಗ ಗ್ಯಾರೇಜಿಗೆ ಬಂದು ಮೊದಲು ಹೇಳುವುದೇ, "ಎಂಜಿನ್ ಒಮ್ಮೆ ಬಿಚ್ಚಿ ನೋಡಿ ಕೊಡಿ" ಅಂತ. ಬಿಚ್ಚುವುದು ಬೇಡ. ಎಂಜಿಬಿಯದು ಬ್ರಿಟನ್ನಿನ ಬಿಎಂಸಿ ಕಂಪನಿಯ 1798 ಸಿಸಿಯ ‘ಬಿ ಸೀರೀಸ್’ ಎಂಜಿನ್. ನಮ್ಮ ಹಳೇ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಬಳಗದ್ದು. ಅಂಬಾಸಿಡರಿನಲ್ಲಿ ಕೈ ಪಳಗಿದ ಹಿರಿಯ ಮೆಕ್ಯಾನಿಕ್ ಸಿಕ್ಕಿದರೆ ಟ್ಯಾಪೆಟ್ ಸದ್ದು ಕೇಳಿಯೇ ಅದರ ಆರೋಗ್ಯ ಹೇಳಿಯಾರು. ಕಾಸರಗೋಡಿನ ಕಾರುಗಳ ಕಾಯಿಲೆ ಬೇರೆ. ಯಜಮಾನರು ಗಲ್ಫಿನಲ್ಲಿ, ಕಾರು ಶೆಡ್ಡಿನಲ್ಲಿ. ನಾಲ್ಕು ತಿಂಗಳು ಮಳೆ, ಉಳಿದ ದಿನ ಕಡಲಿನ ಉಪ್ಪುಗಾಳಿ. ಓಡಿ ಸವೆದದ್ದಕ್ಕಿಂತ ನಿಂತು ಕೆಟ್ಟದ್ದೇ ಹೆಚ್ಚು.

ರಜೆಗೆ ಬಂದವರು ಹಿಡಿಯುವ ದಾರಿ ಸಾಮಾನ್ಯವಾಗಿ ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ, ಮೈಸೂರು. ಘಾಟಿ ಹತ್ತುವಾಗ ಎಂಜಿನ್ನಿಗೆ ಪರೀಕ್ಷೆ, ವಾಪಸು ಇಳಿಯುವಾಗ ಬ್ರೇಕಿಗೆ. ನನಗೆ ಭಯ ಇರುವುದು ಇಳಿಯುವುದರ ಬಗ್ಗೆಯೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿತೆಂದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ. ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಬಣ್ಣ ನೋಡಿ ‘ಚೆನ್ನಾಗಿದೆ’ ಅನ್ನಬೇಡಿ. ನಾಲ್ಕೂ ಚಕ್ರದಲ್ಲಿ ಹೊಸ ಆಯಿಲ್ ಹೊರಬರುವವರೆಗೆ ಬ್ಲೀಡ್ ಮಾಡಿಸಿ. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ.

ಬ್ರೇಕಿನ ರಬ್ಬರ್ ಹೋಸ್ ಇನ್ನೂ ಮೋಸಗಾರ. ಹೊರಗೆ ಹೊಳೆಯುತ್ತಿರುತ್ತದೆ, ಒಳಗೆ ಊದಿಕೊಂಡಿರುತ್ತದೆ. ಕಾಲಿಟ್ಟಾಗ ಒತ್ತಡ ದಾಟುತ್ತದೆ, ಕಾಲು ತೆಗೆದರೂ ಆಯಿಲ್ ಹಿಂದೆ ಬರುವುದಿಲ್ಲ. ಬ್ರೇಕ್ ಹಿಡಿದುಕೊಂಡೇ ಗಾಡಿ ಓಡುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಒಂದೊಂದೇ ಚಕ್ರದ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿ. ಎಡಬಲ ಎರಡರಲ್ಲಿ ಒಂದು ಮಾತ್ರ ಸುಡುತ್ತಿದ್ದರೆ ಅನುಮಾನ ಮೊದಲು ಆ ಹೋಸಿನ ಮೇಲೆ.

ಇನ್ನು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತದ್ದು. 1962ರಿಂದ 1980ರವರೆಗೆ ತಯಾರಾದ ಎಂಜಿಬಿಯ ರಬ್ಬರನ್ನು ಇದಕ್ಕೆಂದು ಮಾಡಿದ್ದಲ್ಲ. ಹಳೇ ಪೆಟ್ರೋಲ್ ಪೈಪ್ ಮೆತ್ತಗಾಗುತ್ತದೆ, ಬಿರಿಯುತ್ತದೆ, ಉದುರಿದ ಚೂರು ಕಾರ್ಬುರೇಟರಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ಎಥೆನಾಲ್ ತಾಳುವ ಪೈಪನ್ನೇ ಕೇಳಿ ಹಾಕಿಸಿ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಉಳಿದ ಪೆಟ್ರೋಲ್ ಚೆಲ್ಲಿಬಿಡಿ, ಎಥೆನಾಲ್ ನೀರು ಎಳೆದುಕೊಂಡು ಟ್ಯಾಂಕಿನ ತಳ ಸೇರಿರುತ್ತದೆ.

ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಎಂಜಿನ್ ಬಿಸಿಯಾಗುತ್ತದೆ. ಈ ಕಾರಿನ ಎಸ್‌ಯು ಕಂಪನಿಯ ಅವಳಿ ಕಾರ್ಬುರೇಟರಿನಲ್ಲಿ ಇದಕ್ಕೆ ಮದ್ದು ಕೈಯಳತೆಯಲ್ಲೇ ಇದೆ. ಗಾಡಿ ಬಿಸಿಯಾದ ಮೇಲೆ, ಐಡ್ಲಿಂಗ್‌ನಲ್ಲಿ, ಕಾರ್ಬುರೇಟರಿನ ಒಳಗಿನ ಪಿಸ್ಟನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ. ಎಂಜಿನ್ ಬಡಬಡಿಸಿ ನಿಲ್ಲಲು ಹೊರಟರೆ ಮಿಶ್ರಣ ತೆಳು. ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ಜೆಟ್ ನಟ್ಟನ್ನು ಒಂದು ಮುಖದಷ್ಟು, ಅಂದರೆ ಆರನೇ ಒಂದು ಸುತ್ತು, ಕೆಳಕ್ಕೆ ತಿರುಗಿಸಿ. ವೇಗ ಏರಿ ಹಾಗೇ ಉಳಿದರೆ ದಪ್ಪ, ಅಂದರೆ ಪೆಟ್ರೋಲ್ ಹೆಚ್ಚು. ಒಂದು ಕ್ಷಣ ಚೂರು ಏರಿ ಮೊದಲಿನಂತಾದರೆ ಮುಟ್ಟಬೇಡಿ. ಎರಡೂ ಕಾರ್ಬುರೇಟರಿಗೂ ಬೇರೆ ಬೇರೆಯಾಗಿ ಮಾಡಬೇಕು. ಅವಸರದವರಿಗೆ ಹೇಳಿದ ಕೆಲಸವಲ್ಲ.

ಕರೆಂಟಿನ ವಿಷಯದಲ್ಲಿ ಒಂದೇ ಎಚ್ಚರ: 1967ಕ್ಕಿಂತ ಹಿಂದಿನವುಗಳಲ್ಲಿ ಬಾಡಿಗೆ ಅರ್ಥ್ ಆಗಿರುವುದು ಬ್ಯಾಟರಿಯ ಪ್ಲಸ್. ಗೊತ್ತಿಲ್ಲದೆ ಮೊಬೈಲ್ ಚಾರ್ಜರಿಗೆ ವೈರ್ ಎಳೆದರೆ ಸುಟ್ಟ ವಾಸನೆ ಖಾತ್ರಿ. ಇಗ್ನಿಷನ್ನಿನ ಸ್ಪೇರ್ ಕಂಡೆನ್ಸರನ್ನು ಡಬ್ಬದಲ್ಲೇ ಇಟ್ಟುಕೊಂಡು ಹೋಗಬೇಡಿ. ಮೊದಲೇ ಹಾಕಿ ಓಡಿಸಿ ನೋಡಿ, ಬಿಚ್ಚಿ ಇಟ್ಟುಕೊಳ್ಳಿ. ಹೊಸದಾಗಿ ಬರುವವು ಬಿಸಿಗೆ ಸಾಯುವುದು ಜಾಸ್ತಿ.

ಕಾಗದಪತ್ರ ಅಂದರೆ ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಅಷ್ಟೇ ಅಂದುಕೊಂಡವರಿದ್ದಾರೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು 20,000 ರೂಪಾಯಿ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಹೆಮ್ಮೆಯೇ. ಆದರೆ ಆ ಗಾಡಿ ರಸ್ತೆಗಿಳಿಯಬೇಕಾದದ್ದು ಪ್ರದರ್ಶನ, ವಿಂಟೇಜ್ ರ್‍ಯಾಲಿ, ರಿಪೇರಿ, ಪೆಟ್ರೋಲ್ ಇಂಥ ಕಾರಣಕ್ಕೆ ಮಾತ್ರ. ಸಂಸಾರ ಸಮೇತ ಮೈಸೂರು ನೋಡಿ ಬರುವ ಆಸೆ ಇದ್ದವರು ಆ ನಂಬರಿಗೆ ಅರ್ಜಿ ಹಾಕುವ ಮೊದಲೇ ಯೋಚಿಸಬೇಕು.

ಎಲ್ಲ ಆದ ಮೇಲೆ ಚೆರ್ಕಳ, ಮುಳ್ಳೇರಿಯ ದಾರಿಯಾಗಿ ಜಾಲ್ಸೂರಿಗೆ ಒಮ್ಮೆ ಹೋಗಿ ಬನ್ನಿ, ನಡುಮಧ್ಯಾಹ್ನದ ಬಿಸಿಲಿಗೆ. ಅಲ್ಲಿ ಎಂಜಿನ್ ಆಫ್ ಮಾಡಿ ಕಾಲು ಗಂಟೆ ಚಹಾ ಕುಡಿಯಿರಿ. ಬಿಸಿ ಎಂಜಿನ್ನಿನ ಹತ್ತಿರದ ಪೈಪಿನಲ್ಲಿ ಪೆಟ್ರೋಲ್ ಆವಿಯಾಗುವುದು ಈ ಹೊತ್ತಿನಲ್ಲೇ. ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ, ಹಿಂದಿನ ಪೆಟ್ರೋಲ್ ಪಂಪಿನ ಟಿಕ್ ಟಿಕ್ ಕೇಳಿ: ನಾಲ್ಕಾರು ಸಲ ಬಡಿದು ನಿಂತರೆ ಸರಿ. ನಿಲ್ಲದೆ ಬಡಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪಂಪಿಗೆ ಸಿಗುತ್ತಿರುವುದು ಬರೀ ಆವಿ. ಬಾನೆಟ್ ಎತ್ತಿ ನೋಡದೆ ಸುಳ್ಯದ ಕಡೆ ತಿರುಗಿಸಬೇಡಿ.