ಚಕಮಕಿ ಕೋವಿಯಲ್ಲಿ ಉರಿಯುವುದು ಕಬ್ಬಿಣ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಜಿಂಕೆ ಬೇಟೆಗೆ ಒಂದು ವಿಶೇಷ ಅವಧಿ ಇದೆ. 1974ರಲ್ಲಿ ಶುರುವಾದದ್ದು. ಆ ಅವಧಿಗೆಂದು ಒಯ್ಯುವ ಕೋವಿ ಚಕಮಕಿ ಕಲ್ಲಿನದೇ ಆಗಿರಬೇಕು. ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ಒಂದೊಂದಾಗಿ ತುಂಬಬೇಕು. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿದರೆ ಗುಂಡು ಹೊರಡುತ್ತದೆ. ಇಲ್ಲದಿದ್ದರೆ ಜಿಂಕೆ ಹೊರಡುತ್ತದೆ.

ಬೇಟೆ ಬೇಡ, ಗುರಿಹಲಗೆ ಸಾಕು ಎನ್ನುವವರೂ ಅಲ್ಲಿ ಬಹಳ ಜನ ಇದ್ದಾರೆ. ನನ್ನ ಒಲವೂ ಅವರ ಕಡೆಗೇ. ಈ ಕೋವಿಯಲ್ಲಿ ಹೆಚ್ಚಿನ ಕೆಲಸ ಕಣ್ಣೆದುರೇ ನಡೆಯುತ್ತದೆ. ಈಗಿನ ತೋಟಾದಲ್ಲಿ ಎಲ್ಲವೂ ಹಿತ್ತಾಳೆಯ ಕವಚದೊಳಗೆ ಮುಚ್ಚಿಹೋಗಿದೆ. ಇಲ್ಲಿ ಕಲ್ಲು, ಕಿಡಿ, ಮದ್ದು, ಬಟ್ಟೆ, ಮಸಿ ಎಲ್ಲವನ್ನೂ ನೋಡಬಹುದು, ಮುಟ್ಟಬಹುದು. ಏನಾದರೂ ಕೆಟ್ಟರೆ ಕಾರಣವನ್ನು ನಾವೇ ಹುಡುಕಬಹುದು.

ಮೊದಲು ಕಿಡಿಯನ್ನೇ ನೋಡೋಣ. ಕಿಡಿ ಕಲ್ಲಿನಿಂದ ಬರುತ್ತದೆ ಅಂತ ಹೆಚ್ಚಿನವರು ತಿಳಿದಿದ್ದಾರೆ. ಅಲ್ಲ. ಚಕಮಕಿ ಕಲ್ಲು ಎಂದರೆ ಸಿಲಿಕಾ. ಅದು ಉರಿಯುವ ವಸ್ತುವೇ ಅಲ್ಲ. ಅದರ ಗುಣ ಎಂದರೆ ಗಡಸುತನ ಮತ್ತು ಒಡೆದಾಗ ಸಿಗುವ ಹರಿತ ಅಂಚು. ಟ್ರಿಗರ್ ಎಳೆದಾಗ ಕಲ್ಲು ಕಚ್ಚಿಕೊಂಡ ಸುತ್ತಿಗೆಯಂಥ ಭಾಗ, ಅಂದರೆ ಕೋವಿಯ ಕುದುರೆ, ಮುಂದಕ್ಕೆ ಹಾರಿ, ಎದುರು ನಿಂತ ಗಡಸು ಉಕ್ಕಿನ ಫಲಕವನ್ನು ಕೆರೆಯುತ್ತದೆ. ಈ ಫಲಕಕ್ಕೆ ಫ್ರಿಜನ್ ಎನ್ನುತ್ತಾರೆ. ಕೆರೆದ ಜಾಗದಿಂದ ಉಕ್ಕಿನ ತೀರಾ ಸಣ್ಣ ಚೂರುಗಳು ಏಳುತ್ತವೆ. ಕೆರೆತದ ಬಿಸಿಗೆ ಅವು ಕೆಂಪಾಗುತ್ತವೆ, ಗಾಳಿಯ ಆಮ್ಲಜನಕ ಸೇರಿ ಹೊತ್ತಿಕೊಳ್ಳುತ್ತವೆ. ಇಡೀ ಮೊಳೆಗೆ ಬೆಂಕಿ ಹಿಡಿಯುವುದಿಲ್ಲ, ಆದರೆ ದೀಪಾವಳಿಯ ಸುರುಸುರುಬತ್ತಿಯಲ್ಲಿ ಕಬ್ಬಿಣದ ಪುಡಿ ಹೇಗೆ ಉರಿಯುತ್ತದೆ ನೋಡಿ. ಚೂರು ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಅದರ ಮೈ ಜಾಸ್ತಿ, ಗಾಳಿಯ ಸಂಪರ್ಕವೂ ಜಾಸ್ತಿ.

ಹಾಗಾಗಿ ಫ್ರಿಜನ್ನಿನ ಹದ ಸರಿಯಿಲ್ಲದೆ ಕಲ್ಲು ಬದಲಿಸುತ್ತಾ ಕೂತರೆ ಏನೂ ಪ್ರಯೋಜನವಿಲ್ಲ. ಉಕ್ಕು ಮೆತ್ತಗಿದ್ದರೆ ಕಲ್ಲು ಅದರಲ್ಲಿ ಗೀರು ಕೊರೆಯುತ್ತದೆ, ಮಂಕು ಕೆಂಪು ಕಿಡಿ ಬೀಳುತ್ತದೆ. ಹದವಾಗಿ ಗಡಸು ಮಾಡಿದ ಉಕ್ಕಿನಿಂದ ಬಿಳುಪಾದ ಬಿಸಿ ಕಿಡಿಗಳು ಸುರಿಯುತ್ತವೆ. ಕಲ್ಲನ್ನು ತೊಗಲಿನ ಚೂರಿನಲ್ಲಿ ಸುತ್ತಿ ಕುದುರೆಯ ದವಡೆಯಲ್ಲಿ ಬಿಗಿಯಬೇಕು, ಬರೀ ಲೋಹಕ್ಕೆ ಸಿಕ್ಕಿಸಿದರೆ ಕಲ್ಲು ಜಾರುತ್ತದೆ ಅಥವಾ ಒಡೆಯುತ್ತದೆ. ಅಂಚು ಮೊಂಡಾದಾಗ ಮೆಲ್ಲಗೆ ತಟ್ಟಿ ಹೊಸ ಅಂಚು ಎಬ್ಬಿಸುವುದನ್ನು ಹವ್ಯಾಸಿಗಳು ಬೇಗ ಕಲಿಯುತ್ತಾರೆ. ಇಂಗ್ಲೆಂಡಿನ ಬ್ರಾಂಡನ್ ಊರಿನ ಕಪ್ಪು ಕಲ್ಲಿಗೆ ಇವತ್ತಿಗೂ ಹೆಸರಿದೆ.

ಕಿಡಿ ಬೀಳುವುದು ನಳಿಗೆಯ ಪಕ್ಕದ ಪುಟ್ಟ ಬಟ್ಟಲಿಗೆ. ಅಲ್ಲಿ ಚಿಟಿಕೆಯಷ್ಟು ನುಣುಪು ಮದ್ದು ಇರುತ್ತದೆ. ಅದು ಭುಗ್ ಎಂದಾಗ ಉರಿ ಒಂದು ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ತಲುಪಬೇಕು. ತೂತಿನೊಳಗೂ ಮದ್ದು ತುಂಬಿಕೊಂಡರೆ ಬೆಂಕಿ ಬೇಗ ಹೋಗುತ್ತದೆ ಎಂದು ಅನಿಸುತ್ತದೆ, ಅಲ್ವಾ? ಆಗುವುದು ಉಲ್ಟಾ. ತುಂಬಿದ ತೂತು ಬತ್ತಿಯಂತಾಗಿ ಕಾಳಿಂದ ಕಾಳಿಗೆ ಉರಿಯುತ್ತಾ ಸಾಗಬೇಕಾಗುತ್ತದೆ. ಖಾಲಿ ಇದ್ದರೆ ಉರಿ ಒಂದೇ ನೆಗೆತಕ್ಕೆ ಒಳಗೆ ಹೋಗುತ್ತದೆ. ಅದಕ್ಕೇ ಅನುಭವಿಗಳು ಪ್ರತಿ ಸಲವೂ ತಂತಿ ಹಾಕಿ ತೂತು ಬಿಡಿಸುತ್ತಾರೆ.

ಒಳ್ಳೆಯ ಕೋವಿಯಲ್ಲಿ ಇದೆಲ್ಲ ಮುಗಿಯಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಆದರೂ ಕಣ್ಣ ಮುಂದೆಯೇ ಬೆಂಕಿ ಎದ್ದಾಗ ಮೈ ಬೆದರುತ್ತದೆ, ಗುರಿ ತಪ್ಪುತ್ತದೆ. ಹಕ್ಕಿಗಳೂ ಈ ಮಿಂಚು ಕಂಡೇ ತಪ್ಪಿಸಿಕೊಳ್ಳುತ್ತಿದ್ದವು. ಅದರಿಂದ ಬೇಸತ್ತ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕ ಬಳಸಿ ಬೇರೆ ದಾರಿ ಕಂಡುಕೊಂಡ, 1807ರಲ್ಲಿ ಪೇಟೆಂಟ್ ಪಡೆದ. ಆ ರಾಸಾಯನಿಕ ತುಂಬಿದ ಪುಟ್ಟ ಲೋಹದ ಟೊಪ್ಪಿ, ಅಂದರೆ ಕೇಪು, ಬಂದದ್ದು ಅದರ ಮುಂದುವರಿಕೆಯಾಗಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಕಾಣುವ ಕೇಪಿನ ಕೋವಿ ಆ ವಂಶದ್ದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾರ್ಖಾನೆ ತಯಾರಿಸಿದ್ದು ಚಕಮಕಿ ಕೋವಿಗಳನ್ನು.

ಪೆನ್ಸಿಲ್ವೇನಿಯಾದ ಉದ್ದ ನಳಿಗೆಯ ರೈಫಲ್ಲನ್ನು ರೂಪಿಸಿದವರು 18ನೇ ಶತಮಾನದಲ್ಲಿ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಮೂಲದ ಕುಶಲಕರ್ಮಿಗಳು. ನಳಿಗೆಯ ಒಳಗೆ ಸುರುಳಿ ಗೀರುಗಳಿವೆ. 0.50 ಇಂಚಿನ ನಳಿಗೆಗೆ ಸಾಮಾನ್ಯವಾಗಿ 0.490 ಇಂಚಿನ ಸೀಸದ ಗುಂಡು ಹಾಕುತ್ತಾರೆ. ತೂಕ ಸುಮಾರು 11.5 ಗ್ರಾಂ. ಗುಂಡು ನಳಿಗೆಗಿಂತ ಸಣ್ಣದು, ಗೀರುಗಳನ್ನು ಮುಟ್ಟುವುದೇ ಇಲ್ಲ. ಜಿಡ್ಡು ಸವರಿದ ಹತ್ತಿಬಟ್ಟೆಯ ತುಂಡೊಂದು ಗುಂಡನ್ನು ಸುತ್ತಿಕೊಂಡು ಗೀರುಗಳನ್ನು ಹಿಡಿಯುತ್ತದೆ, ತಾನು ತಿರುಗುತ್ತಾ ಗುಂಡನ್ನೂ ತಿರುಗಿಸುತ್ತದೆ. ಹೊರಬಂದ ಕೂಡಲೇ ಬಟ್ಟೆ ಕಳಚಿ ಬೀಳುತ್ತದೆ, ಗುಂಡು ಮುಂದೆ ಹೋಗುತ್ತದೆ.

ನೆಲಕ್ಕೆ ಬಿದ್ದ ಆ ಬಟ್ಟೆಯನ್ನು ಹುಡುಕಿ ತಂದು ನೋಡುವುದು ಈ ಹವ್ಯಾಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ನಡುವೆ ಮಸಿಯ ವೃತ್ತ, ಅಂಚು ಜೂಲಾಗಿದ್ದರೂ ಹರಿಯದೆ ಇದ್ದರೆ ಎಲ್ಲವೂ ಸರಿಯಿದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು ಅಥವಾ ಜಿಡ್ಡು ಸಾಲದು. ಚಾಕುವಿನಿಂದ ಸೀಳಿದಂತಿದ್ದರೆ ನಳಿಗೆಯ ಬಾಯಲ್ಲೋ ಗೀರಿನಲ್ಲೋ ಚೂಪು ಅಂಚಿದೆ, ಉಜ್ಜಿ ನಯ ಮಾಡಬೇಕು.

ಕೆಲವು ನಿಯಮಗಳಲ್ಲಿ ಮಾತ್ರ ರಾಜಿಯೇ ಇಲ್ಲ. ಇದಕ್ಕೆ ಕಪ್ಪು ಮದ್ದು ಮಾತ್ರ. ಹೊಗೆಯಿಲ್ಲದ ಆಧುನಿಕ ಮದ್ದು ಹಾಕಿದರೆ ನಳಿಗೆ ಸಿಡಿದು ಜೀವಕ್ಕೇ ಅಪಾಯ. ಮದ್ದು ತುಂಬಿಟ್ಟುಕೊಳ್ಳುವ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು, ಒಳಗೆ ಉಳಿದ ಕೆಂಡ ಇಡೀ ಕೊಂಬನ್ನೇ ಸ್ಫೋಟಿಸಬಹುದು. ಮದ್ದಿಗೂ ಗುಂಡಿಗೂ ನಡುವೆ ಸಂದು ಉಳಿಯದಂತೆ ಗುಂಡನ್ನು ಪೂರ್ತಿ ಕೆಳಗೆ ಕೂರಿಸಬೇಕು. ಹೊತ್ತದಿದ್ದರೆ ಕೋವಿಯನ್ನು ಕನಿಷ್ಠ ಒಂದು ನಿಮಿಷ ಗುರಿಯ ಕಡೆಗೇ ಹಿಡಿದು ನಿಲ್ಲಬೇಕು. ಕನ್ನಡಕ, ಕಿವಿಗೆ ರಕ್ಷಣೆ ಬೇಕೇ ಬೇಕು. ತೂತಿನಿಂದ ಉರಿ ಪಕ್ಕಕ್ಕೂ ಚಿಮ್ಮುತ್ತದೆ, ಆ ಬದಿಯಲ್ಲಿ ಯಾರೂ ನಿಲ್ಲಬಾರದು. ಅಮೆರಿಕದ 1968ರ ಬಂದೂಕು ಕಾನೂನು ಹಳೆಯ ಚಕಮಕಿ ಕೋವಿಗಳನ್ನೂ ಅವುಗಳ ಹೊಸ ಪ್ರತಿಗಳನ್ನೂ ಪುರಾತನ ವಸ್ತುಗಳೆಂದು ನೋಡುತ್ತದೆ. ನಮ್ಮಲ್ಲಿ ಹಾಗಿಲ್ಲ. ಕೊಡವರಂಥ ವಿನಾಯಿತಿ ಇರುವವರನ್ನು ಬಿಟ್ಟರೆ ಉಳಿದವರಿಗೆ ಲೈಸೆನ್ಸ್ ಬೇಕು.

ಇನ್ನು ಮಸಿಯ ವಿಚಾರ. ಕೋವಿಯ ಆಯಸ್ಸು ನಿಂತಿರುವುದು ಇದರ ಮೇಲೆ. ಕಪ್ಪು ಮದ್ದಿನಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಬ್ರಿಟಿಷರ ಮದ್ದಿಗೆ 18ನೇ ಶತಮಾನದಲ್ಲಿ ಪೆಟ್ಲುಪ್ಪು ಹೇರಳವಾಗಿ ಹೋದದ್ದು ನಮ್ಮ ಬಿಹಾರದಿಂದಲೇ. ಉರಿದಾಗ ಈ ಮಿಶ್ರಣದ ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಅನಿಲವಾಗುತ್ತದೆ. ಉಳಿದದ್ದು ಘನ ಪದಾರ್ಥ. ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್‌ಗಳೇ ಅದರಲ್ಲಿ ಹೆಚ್ಚು. ಒಂದಷ್ಟು ಹೊಗೆಯಾಗಿ ಹಾರುತ್ತದೆ, ಒಂದಷ್ಟು ನಳಿಗೆಗೆ ಅಂಟುತ್ತದೆ. ಈ ಉಪ್ಪುಗಳು ಗಾಳಿಯ ತೇವ ಹೀರುತ್ತವೆ. ತೇವ ಸೇರಿದ ಉಪ್ಪು ಉಕ್ಕನ್ನು ತಿನ್ನುತ್ತದೆ. ಮಳೆಗಾಲದ ಹವೆಯಲ್ಲಿ ಬಟ್ಟಲಿನ ಮಸಿ ಕೆಸರಾಗುವುದೂ ಇದರಿಂದಲೇ.

ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ದುಬಾರಿ ದ್ರಾವಣಗಳಿಗಿಂತ ಉಗುರುಬೆಚ್ಚಗಿನ ನೀರೇ ಒಳ್ಳೆಯದು. ಕುದಿಯುವ ನೀರು ಬೇಡ, ಬಿಸಿಯಾದ ಉಕ್ಕಿನ ಮೇಲೆ ಕ್ಷಣದಲ್ಲೇ ತೆಳು ತುಕ್ಕು ಹತ್ತುತ್ತದೆ. ಒದ್ದೆ ಬಟ್ಟೆ ಬಿಳಿಯಾಗಿ ಬರುವವರೆಗೆ ಆಡಿಸಿ, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಇದೆಲ್ಲ ಹೊಡೆದ ದಿನವೇ ಆಗಬೇಕು. ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಇಳಿದು ತೂತು ಮುಚ್ಚುವುದಿಲ್ಲ. ಮರುದಿನ ಮತ್ತೊಮ್ಮೆ ಒಣ ಬಟ್ಟೆ ಆಡಿಸಿ ನೋಡಿ. ಅದರಲ್ಲಿ ಕಂದು ಬಣ್ಣ ಕಂಡರೆ ಒಳಗೆ ಉಪ್ಪು ಉಳಿದಿದೆ, ಮತ್ತೆ ನೀರಿನಿಂದಲೇ ಶುರು ಮಾಡಬೇಕು.