ನಮ್ಮ ಕಂಪನಿ ಬಗ್ಗೆ ವಿಕಿಪೀಡಿಯದಾಗ ನಾನೇ ಬರೀಬಹುದೇನ್ರಿ?

ಓದುಗರ ಪ್ರಶ್ನೆ: ಸರ್, ಹುಬ್ಬಳ್ಳಿ ಗೋಕುಲ ರೋಡಿನಾಗ ಟ್ರ್ಯಾಕ್ಟರ್ ಕೂರಿಗಿ, ಕುಂಟಿ, ರೋಟಾವೇಟರ್ ತಯಾರು ಮಾಡೋ ಕಂಪನಿಯೊಳಗ ಮಾರ್ಕೆಟಿಂಗ್ ನೋಡ್ಕೋತೀನಿ. ಕಂಪನಿ ಸುರು ಆಗಿ 25 ವರ್ಷ ಆಗಾಕ ಬಂತು. ಅದರ ಸಲುವಾಗಿ ವಿಕಿಪೀಡಿಯದಾಗ ಒಂದು ಪೇಜ್ ಆಗಬೇಕು, ಕನ್ನಡದಾಗೂ ಇಂಗ್ಲಿಷಿನಾಗೂ ನೀನೇ ಬರಿ ಅಂತ ಮಾಲಕರು ಹೇಳ್ಯಾರ. ಇದ್ದದ್ದನ್ನ ಇದ್ದಂಗ ಬರೀತೀನಿ, ಒಂದಕ್ಷರ ಸುಳ್ಳ ಬರಿಯೂದಿಲ್ಲ. ಬರೀಬಹುದೇನ್ರಿ?

ಉತ್ತರ: ನೇರವಾಗಿ ನೀವೇ ಪುಟ ತೆರೆದು ಬರೆಯದಿರುವುದು ಒಳ್ಳೆಯದು. ಹಾಗಂತ ಅದಕ್ಕೆ ಪೂರ್ತಿ ನಿಷೇಧವೇನೂ ಇಲ್ಲ. ಹಿತಾಸಕ್ತಿ ಸಂಘರ್ಷ ಇರುವವರು ತಮ್ಮ ಸಂಸ್ಥೆಯ ಲೇಖನಕ್ಕೆ ತಾವೇ ಕೈ ಹಾಕಬಾರದು ಎಂದು ಇಂಗ್ಲಿಷ್ ವಿಕಿಪೀಡಿಯದ ಮಾರ್ಗಸೂಚಿ ಬಲವಾಗಿ ಹೇಳುತ್ತದೆ. ಆದರೆ ಸಂಬಂಧವನ್ನು ಬಹಿರಂಗಪಡಿಸಿ, ಕರಡನ್ನು ಬೇರೆಯವರ ಪರಿಶೀಲನೆಗೆ ಒಪ್ಪಿಸುವ ದಾರಿಯನ್ನೂ ಇಟ್ಟಿದೆ. ಬಹಿರಂಗಪಡಿಸುವ ಮಾತು ಬರೀ ಸಲಹೆಯಲ್ಲ. ಹಣ ಅಥವಾ ಸಂಬಳ ಪಡೆದು ಲೇಖನ ಬರೆಯುವವರು, ತಿದ್ದುವವರು ಅದನ್ನು ಹೇಳಿಕೊಳ್ಳಲೇಬೇಕು ಎಂಬುದನ್ನು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2014ರ ಜೂನ್‌ನಲ್ಲಿ ತನ್ನ ಬಳಕೆಯ ಷರತ್ತುಗಳಲ್ಲೇ ಸೇರಿಸಿತು.

ಇದೇ ಪ್ರಶ್ನೆಯನ್ನು ಸಹಕಾರಿ ಬ್ಯಾಂಕಿನ ನೌಕರರು ಕೇಳುತ್ತಾರೆ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮಕ್ಕಳು ಕೇಳುತ್ತಾರೆ, ಕಾಲೇಜಿನ ಆಡಳಿತ ಮಂಡಳಿಯವರೂ ಕೇಳುತ್ತಾರೆ. ಎಲ್ಲರೂ ಹೇಳುವುದು ನೀವು ಹೇಳಿದ್ದನ್ನೇ: ಸುಳ್ಳು ಬರೆಯುವುದಿಲ್ಲ. ನಿಮ್ಮ ಮಾತನ್ನು ನಾನು ನಂಬುತ್ತೇನೆ. ಆದರೆ ತೊಡಕು ಇರುವುದು ಸುಳ್ಳಿನಲ್ಲಲ್ಲ, ಬಿಟ್ಟುಬಿಡುವ ನಿಜದಲ್ಲಿ.

ಇಪ್ಪತ್ತೈದು ವರ್ಷ ನಡೆದ ಯಾವ ಕಾರ್ಖಾನೆಯನ್ನಾದರೂ ತೆಗೆದುಕೊಳ್ಳಿ. ಕೃಷಿ ಮೇಳದಲ್ಲಿ ಬಂದ ಬಹುಮಾನ, ಹೊಸ ಶೆಡ್, ಹೊರರಾಜ್ಯದ ಡೀಲರುಗಳು, ಇವೆಲ್ಲ ನಿಜ. ಅದೇ ವರ್ಷಗಳಲ್ಲಿ ಪಾಲುದಾರರು ಬೇರೆಯಾಗಿರಬಹುದು, ಕಾರ್ಮಿಕರ ವ್ಯಾಜ್ಯವೊಂದು ಕೋರ್ಟಿಗೆ ಹೋಗಿರಬಹುದು, ಒಂದು ಹಂಗಾಮಿನಲ್ಲಿ ಕೊಟ್ಟ ಕೂರಿಗೆಗಳು ಬೀಜ ಸರಿಯಾಗಿ ಬಿಡಲಿಲ್ಲವೆಂದು ರೈತರು ವಾಪಸು ತಂದಿರಬಹುದು. ಅವೂ ನಿಜವೇ. ಲೇಖನದಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂದು ತೂಗುವವರು ನೀವು, ನೀವು ಬರೆದದ್ದನ್ನು ಮೊದಲು ಓದುವವರು ನಿಮ್ಮ ಮಾಲಕರು. ತಿಂಗಳ ಕೊನೆಗೆ ಸಂಬಳ ಬರುವುದೂ ಅಲ್ಲಿಂದಲೇ. ಇಂಥ ಕಡೆ ಕೂತು ತಕ್ಕಡಿ ಸಮ ಹಿಡಿಯಿರಿ ಎಂದು ನಿಮ್ಮನ್ನು ಕೇಳುವುದೇ ನಿಮಗೆ ಮಾಡುವ ಅನ್ಯಾಯ. ಹೆಣ್ಣು ಕೊಡುವವರು ಹುಡುಗನ ಮನೆಯವರ ಮಾತನ್ನು ಆದರದಿಂದಲೇ ಕೇಳುತ್ತಾರೆ, ಆಮೇಲೆ ಓಣಿಯಲ್ಲೂ ಒಂದು ಮಾತು ವಿಚಾರಿಸಿ ಬರುತ್ತಾರೆ. ವಿಶ್ವಕೋಶಕ್ಕೆ ಬೇಕಾದದ್ದು ಆ ಓಣಿಯವರ ಮಾತು.

ಆದ್ದರಿಂದ ‘ನಾನು ಬರೀಬಹುದಾ’ ಅನ್ನುವುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ನಮ್ಮ ಕಂಪನಿಗೆ ಸಂಬಂಧವಿಲ್ಲದವರು ಯಾರಾದರೂ ನಮ್ಮ ಬಗ್ಗೆ ವಿವರವಾಗಿ ಬರೆದಿದ್ದಾರೆಯೇ ಎಂದು. ವಿಕಿಪೀಡಿಯದಲ್ಲಿ ಇದಕ್ಕೆ ಗಮನಾರ್ಹತೆ ಎನ್ನುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ನೋಡಿ. 1957ರಲ್ಲಿ ಹುಟ್ಟಿದ ಸಂಸ್ಥೆ. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮಾನ್ಯತೆಯೊಂದಿಗೆ ರಾಷ್ಟ್ರಧ್ವಜ ತಯಾರಿಸುವುದಕ್ಕೆ ಇಡೀ ದೇಶದಲ್ಲಿ ಹೆಸರಾದದ್ದು. ಪ್ರತಿ ಆಗಸ್ಟ್ ತಿಂಗಳಲ್ಲಿ ಎಲ್ಲೆಲ್ಲಿಂದಲೋ ಪತ್ರಕರ್ತರು ಬಂದು ನೂಲುವುದು, ನೇಯುವುದು, ಅಶೋಕ ಚಕ್ರ ಮುದ್ರಿಸುವುದನ್ನೆಲ್ಲ ನೋಡಿ ಬರೆದಿದ್ದಾರೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಮತ್ತು ಯಂತ್ರದಿಂದ ತಯಾರಾದ ಧ್ವಜಕ್ಕೂ ಅವಕಾಶ ಕೊಟ್ಟಾಗ ಸಂಘಕ್ಕೆ ಬಿದ್ದ ಪೆಟ್ಟು, ಅಲ್ಲಿನವರ ವಿರೋಧ ಕೂಡ ಹಾಗೆಯೇ ದಾಖಲಾಯಿತು. ಹೆಮ್ಮೆಯ ಸಂಗತಿಯೂ ಕಷ್ಟದ ಸಂಗತಿಯೂ ಹೊರಗಿನವರ ಕೈಯಲ್ಲಿ ಬರೆಯಲ್ಪಟ್ಟಿವೆ. ಇಂಥ ಸಂಸ್ಥೆಯ ಮೇಲೆ ಲೇಖನ ಬರೆಯಲು ಅಲ್ಲಿನ ನೌಕರರೇ ಬೇಕೆಂದಿಲ್ಲ, ಗ್ರಂಥಾಲಯದಲ್ಲಿ ಕೂತ ಒಬ್ಬ ವಿದ್ಯಾರ್ಥಿ ಸಾಕು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದ ಕೃಷಿ ಪತ್ತಿನ ಸಹಕಾರ ಸಂಘದ ಮಾತೂ ಇದೇ. ಏಷ್ಯಾದಲ್ಲೇ ಮೊದಲನೆಯದು ಎಂಬ ಅದರ ಹಿರಿಮೆಯನ್ನು ಸಹಕಾರ ಚಳವಳಿಯ ಚರಿತ್ರೆ ಬರೆದವರು ಹೇಳಿದ್ದರಿಂದಲೇ ಅದಕ್ಕೆ ತೂಕ ಬಂದಿದೆ. ‘ಉತ್ತರ ಕರ್ನಾಟಕದ ನಂಬರ್ ಒನ್’ ಎಂದು ನಮ್ಮ ಬ್ರೋಷರಿನಲ್ಲಿ ನಾವೇ ಅಚ್ಚು ಹಾಕಿಸಿಕೊಂಡರೆ ಆ ತೂಕ ಬರುವುದಿಲ್ಲ.

ಆಕರಗಳ ವಿಷಯದಲ್ಲಿ ನಮ್ಮ ಕಡೆ ಬಹಳ ಜನ ಎಡವುತ್ತಾರೆ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪನಿಯ ವೆಬ್‌ಸೈಟು, ಕ್ಯಾಟಲಾಗು, ಐಎಸ್ಒ ಪ್ರಮಾಣಪತ್ರ, ಮಾಲಕರ ಸಂದರ್ಶನ, ಇವು ಯಾವುವೂ ಸ್ವತಂತ್ರ ಆಕರಗಳಲ್ಲ. ನೀವು ಕಳಿಸಿದ ಪತ್ರಿಕಾ ಪ್ರಕಟಣೆ ಮೂರು ಪತ್ರಿಕೆಗಳಲ್ಲಿ ಅದೇ ವಾಕ್ಯಗಳೊಂದಿಗೆ ಬಂದಿದ್ದರೆ ಅವು ಮೂರು ಆಕರಗಳಾಗುವುದಿಲ್ಲ. ಬಂದದ್ದು ನಿಮ್ಮದೇ ಮಾತು. ವಾರ್ಷಿಕೋತ್ಸವಕ್ಕೆ ಜಾಹೀರಾತು ಕೊಟ್ಟು ಬರೆಸಿದ ವಿಶೇಷ ಪುರವಣಿಯೂ ಲೆಕ್ಕಕ್ಕಿಲ್ಲ. ಕಾಸಿಗಾಗಿ ಸುದ್ದಿ ಎಂಬ ಪಿಡುಗಿನ ಮೇಲೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ವರದಿ ಕೊಟ್ಟಿದೆ. ವಿಕಿಪೀಡಿಯದ ಹಳಬರು ನಮ್ಮ ದೇಶದ ಪತ್ರಿಕೆಗಳಲ್ಲಿ ಬರುವ ಕಂಪನಿ ಪ್ರಶಂಸೆಗಳನ್ನು ಎರಡೆರಡು ಸಲ ನೋಡುವುದು ಇದೇ ಕಾರಣಕ್ಕೆ.

ಮಾಲೀಕತ್ವವನ್ನೂ ನೋಡಬೇಕು. 1976ರಲ್ಲಿ ಗದಗಿನಲ್ಲಿ ಶುರುವಾಗಿ ಹುಬ್ಬಳ್ಳಿಯಲ್ಲಿ ಬೇರೂರಿದ ವಿಆರ್‌ಎಲ್ ಸಮೂಹದಿಂದ 2012ರಲ್ಲಿ ವಿಜಯವಾಣಿ ಪತ್ರಿಕೆ ಬಂತು. ಜಿಲ್ಲೆಯ ಬೇರೆ ಯಾವುದೇ ವಿಷಯಕ್ಕೆ ಆ ಪತ್ರಿಕೆಯ ವರದಿಯನ್ನು ಆಕರವಾಗಿ ಕೊಡಬಹುದು, ವಿಆರ್‌ಎಲ್ ಸಾರಿಗೆ ಸಂಸ್ಥೆಯ ಬಗ್ಗೆ ಬರೆಯುವಾಗ ಮಾತ್ರ ಬೇರೆ ಪತ್ರಿಕೆಗಳನ್ನು ಹುಡುಕಬೇಕು. ಪತ್ರಿಕೆಯ ಪ್ರಾಮಾಣಿಕತೆಯ ಮೇಲೆ ಇದರಿಂದ ಯಾವ ಕಳಂಕವೂ ಇಲ್ಲ. ಮನೆಯವರು ಮನೆಯವರ ಬಗ್ಗೆ ಹೇಳಿದ್ದನ್ನು ಹೊರಗಿನ ಸಾಕ್ಷಿ ಅನ್ನಲಾಗದು, ಅಷ್ಟೇ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಒಳ್ಳೆಯ ಮೂರ್ನಾಲ್ಕು ಸ್ವತಂತ್ರ ಬರಹಗಳು ಉಳಿದರೆ ಮುಂದಿನ ಹೆಜ್ಜೆ ಇಡಿ. ಮೊದಲು ಖಾತೆ. ಕಂಪನಿಯ ಹೆಸರಿನಲ್ಲಿ ಖಾತೆ ತೆರೆಯಬೇಡಿ, ಇಂಗ್ಲಿಷಿನಲ್ಲಿ ಅಂಥ ಖಾತೆಗಳನ್ನು ತಡೆಹಿಡಿಯುತ್ತಾರೆ. ಆಫೀಸಿನ ನಾಲ್ಕು ಜನ ಸೇರಿ ಒಂದೇ ಖಾತೆ ಬಳಸುವಂತೆಯೂ ಇಲ್ಲ. ಖಾತೆ ಒಬ್ಬರದೇ ಇರಬೇಕು. ನಿಜ ಹೆಸರಿರಲಿ, ಬೇರೆ ಹೆಸರಿರಲಿ, ಅದು ನಿಮ್ಮಿಷ್ಟ. ಆಮೇಲೆ ನಿಮ್ಮ ಸದಸ್ಯ ಪುಟದಲ್ಲಿ ನೇರ ಮಾತಿನಲ್ಲಿ ಬರೆಯಿರಿ: ‘ನಾನು ಇಂಥ ಕಂಪನಿಯ ಮಾರ್ಕೆಟಿಂಗ್ ವಿಭಾಗದ ಸಂಬಳದ ನೌಕರ. ಕಂಪನಿಯ ಕುರಿತ ಲೇಖನದ ಕೆಲಸವನ್ನು ಮಾಲಕರು ಹೇಳಿದ್ದರಿಂದ ಮಾಡುತ್ತಿದ್ದೇನೆ.’ ಯಾರು ಹಣ ಕೊಡುತ್ತಾರೆ, ಯಾರಿಗಾಗಿ ಈ ಕೆಲಸ, ನಿಮಗೂ ಅವರಿಗೂ ಏನು ಸಂಬಂಧ ಎಂಬುದು ಓದುವವರಿಗೆ ತಿಳಿಯಬೇಕು. ಸಂಬಳವಿಲ್ಲದ ಇಂಟರ್ನ್ ಕೈಯಲ್ಲಿ ಬರೆಸಿದರೆ ಈ ನಿಯಮ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂಟರ್ನ್‌ಗಳನ್ನೂ ಈ ವಿಷಯದಲ್ಲಿ ನೌಕರರೆಂದೇ ಪರಿಗಣಿಸುತ್ತಾರೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರನ್ನು ಇಂಥ ಕೆಲಸಕ್ಕೆ ಮುಂದೆ ಬಿಟ್ಟು ಅವರ ಖಾತೆ ಹೋಗುವಂತೆ ಮಾಡುವುದು ಬಹಳ ಕೆಟ್ಟದ್ದು.

ಇಂಗ್ಲಿಷಿನಲ್ಲಾದರೆ ಕರಡನ್ನು ಪರಿಶೀಲನೆಗೆ ಸಲ್ಲಿಸುವ ವ್ಯವಸ್ಥೆ ಇದೆ. ಕನ್ನಡದಲ್ಲಿ ನಿಮ್ಮ ಪ್ರಯೋಗಪುಟದಲ್ಲಿ ಕರಡು ಬರೆದಿಟ್ಟು, ಸಮುದಾಯ ಮಾತಾಡಿಕೊಳ್ಳುವ ಅರಳಿಕಟ್ಟೆ ಪುಟದಲ್ಲಿ ಹಿರಿಯ ಸಂಪಾದಕರನ್ನು ಕೇಳಿ: ಇದು ನನ್ನ ಕಂಪನಿ, ಇವು ಆಕರಗಳು, ಲೇಖನಕ್ಕೆ ಯೋಗ್ಯವೇ ನೋಡಿ ಎಂದು. ಈಗಾಗಲೇ ಲೇಖನ ಇದ್ದು ಅದರಲ್ಲಿ ತಪ್ಪಿದ್ದರೆ ‘ಚರ್ಚೆ’ ಪುಟದಲ್ಲಿ ಯಾವ ವಾಕ್ಯ ತಪ್ಪು, ಸರಿಯಾದದ್ದೇನು, ಆಕರ ಯಾವುದು ಎಂದು ಬರೆದು ಕಾಯಿರಿ. ಕಾಗುಣಿತ ತಿದ್ದುವುದು, ಯಾರೋ ತುರುಕಿದ ಬೈಗುಳ ತೆಗೆಯುವುದು ಇಂಥದ್ದನ್ನು ನೀವೇ ಮಾಡಿದರೆ ಯಾರ ತಕರಾರೂ ಇರುವುದಿಲ್ಲ. ಉತ್ತರ ತಡವಾಗಬಹುದು. ಅಲ್ಲಿರುವವರೆಲ್ಲ ತಮ್ಮ ನೌಕರಿ, ಸಂಸಾರ ಮುಗಿಸಿ ಬಿಡುವಿನಲ್ಲಿ ಕೆಲಸ ಮಾಡುವ ಸ್ವಯಂಸೇವಕರು.

ಈ ತಡದ ನಡುವೆಯೇ ಕೆಲವರಿಗೆ ಏಜೆನ್ಸಿಗಳ ಫೋನು ಬರುತ್ತದೆ: ಇಷ್ಟು ರೊಕ್ಕ ಕೊಡಿ, ಪೇಜ್ ಮಾಡಿಕೊಡುತ್ತೇವೆ, ಗ್ಯಾರಂಟಿ. ನಿಮ್ಮ ಮಾಲಕರಿಗೂ ಬರಬಹುದು. 2015ರ ಆಗಸ್ಟ್‌ನಲ್ಲಿ ಇಂಗ್ಲಿಷ್ ವಿಕಿಪೀಡಿಯ ಇಂಥದೊಂದು ಜಾಲವನ್ನು ಹಿಡಿದು 381 ಖಾತೆಗಳನ್ನು ಮುಚ್ಚಿತು, 210 ಲೇಖನಗಳನ್ನು ಅಳಿಸಿತು. ಆ ಜಾಲದ ವಿಧಾನ ತಿಳಿದುಕೊಳ್ಳುವಂಥದ್ದು. ತಿರಸ್ಕೃತವಾದ ಕರಡುಗಳನ್ನು ಹುಡುಕಿ, ಆ ಸಣ್ಣ ಕಂಪನಿಗಳನ್ನೇ ಸಂಪರ್ಕಿಸಿ, ತಾವು ಹಳೆಯ ಸಂಪಾದಕರೆಂದು ನಂಬಿಸಿ ಹಣ ಪಡೆಯುತ್ತಿದ್ದರು. ಪುಟ ಪ್ರಕಟವಾದ ಮೇಲೆ ಅದು ಅಳಿಯದಂತೆ ಕಾಯಲು ಮತ್ತೆ ಹಣ ಕೇಳುತ್ತಿದ್ದರು. ಹಣ ಕೊಟ್ಟವರ ಕೈಯಲ್ಲಿ ಕೊನೆಗೆ ಪುಟವೂ ಉಳಿಯಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು, 2013ರಲ್ಲಿ, ವಿಕಿ-ಪಿಆರ್ ಎಂಬ ಅಮೆರಿಕದ ಸಂಸ್ಥೆಗೆ ಸಂಬಂಧಿಸಿದ ತನಿಖೆಯಲ್ಲಿ ನೂರಾರು ಖಾತೆಗಳು ಮುಚ್ಚಿಹೋಗಿದ್ದವು. ಯಾವ ಏಜೆನ್ಸಿಯೂ ವಿಕಿಪೀಡಿಯದ ಪರವಾಗಿ ಗ್ಯಾರಂಟಿ ಕೊಡಲಾರದು.

ಗೂಗಲ್‌ನಲ್ಲಿ ಮೇಲೆ ಬರಲು ವಿಕಿಪೀಡಿಯದ ಕೊಂಡಿ ಬೇಕು ಎಂಬ ನಂಬಿಕೆಯೂ ಇದೆ. ಹೊರಗಿನ ಕೊಂಡಿಗಳನ್ನು ಶ್ರೇಯಾಂಕಕ್ಕೆ ಪರಿಗಣಿಸಬೇಡಿ ಎಂದು ಹುಡುಕುತಾಣಗಳಿಗೆ ಹೇಳುವ ಗುರುತನ್ನು ಇಂಗ್ಲಿಷ್ ವಿಕಿಪೀಡಿಯ 2007ರಲ್ಲೇ ಹಾಕಿಕೊಂಡಿದೆ. ಇನ್ನೊಂದು ಮಾತನ್ನು ಮಾಲಕರಿಗೆ ಮೊದಲೇ ತಿಳಿಸಿಬಿಡಿ: ಪುಟ ಒಮ್ಮೆ ಆದರೆ ಅದು ಕಂಪನಿಯ ಸೊತ್ತಲ್ಲ. ನಾಳೆ ಕೋರ್ಟಿನ ತೀರ್ಪೊಂದು ಪತ್ರಿಕೆಯಲ್ಲಿ ಬಂದರೆ ಯಾರು ಬೇಕಾದರೂ ಅದನ್ನು ಅಲ್ಲಿ ಸೇರಿಸಬಹುದು, ಬೇಡವೆಂದು ತೆಗೆಸುವ ಅಧಿಕಾರ ನಿಮಗಿರುವುದಿಲ್ಲ.

ಕನ್ನಡದ ಪುಟದ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ಕಾಯುವ ಕಣ್ಣುಗಳೂ ಸಾವಿರಾರು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳು 30 ಸಾವಿರ ದಾಟಿವೆ, ದಿನವೂ ಬಂದು ನೋಡುವ ಕೈಗಳು ಬಹಳ ಕಡಿಮೆ. ಇಂಗ್ಲಿಷಿನಲ್ಲಿ ಸಂಜೆಯೊಳಗೆ ಅಳಿದುಹೋಗುವ ಜಾಹೀರಾತು ಕನ್ನಡದಲ್ಲಿ ವರ್ಷಗಟ್ಟಲೆ ಉಳಿದುಬಿಡಬಹುದು. ಅದನ್ನು ಹಾವೇರಿಯ ಹೈಸ್ಕೂಲ್ ಹುಡುಗಿ ತನ್ನ ಪ್ರಾಜೆಕ್ಟಿಗೆ ಬರೆದುಕೊಳ್ಳುತ್ತಾಳೆ, ಕೂರಿಗೆ ಕೊಳ್ಳಲು ಹೊರಟ ರೈತ ಮೊಬೈಲಿನಲ್ಲಿ ಓದಿ ನಂಬುತ್ತಾನೆ. ನಮ್ಮ ಭಾಷೆಯಲ್ಲಿ ನೆಚ್ಚಿಕೊಳ್ಳಬಹುದಾದ ಉಚಿತ ಮಾಹಿತಿ ಇರುವುದೇ ಸ್ವಲ್ಪ. ಅದಕ್ಕೆ ಬೆರಕೆ ಆಗಬಾರದು ಎಂಬುದು ನನ್ನ ಕಳಕಳಿ.

ಹಾಗಂತ ನಿಮ್ಮಂಥವರು ದೂರ ಇರಬೇಕೆಂದಲ್ಲ. ನಿಮ್ಮ ಅಗತ್ಯ ಬಹಳ ಇದೆ. ಕೂರಿಗೆಯ ತಾಳಿನ ಅಂತರ ಜೋಳಕ್ಕೆಷ್ಟು ಕಡಲೆಗೆಷ್ಟು, ಎರೆ ಹೊಲದಲ್ಲಿ ರೋಟಾವೇಟರಿನ ಬ್ಲೇಡು ಯಾಕೆ ಬೇಗ ಸವೆಯುತ್ತದೆ, ಎತ್ತಿನ ಕುಂಟೆಗೂ ಟ್ರ್ಯಾಕ್ಟರ್ ಕುಂಟೆಗೂ ಏನು ವ್ಯತ್ಯಾಸ, ಇವು ನಿಮ್ಮ ಶಾಪ್ ಫ್ಲೋರಿನವರಿಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು? ಕೃಷಿ ವಿಶ್ವವಿದ್ಯಾಲಯದ ಪ್ರಕಟಣೆಗಳನ್ನು ಆಕರವಾಗಿ ಇಟ್ಟುಕೊಂಡು ಈ ಉಪಕರಣಗಳ ಮೇಲೆ ಬರೆಯಿರಿ, ನಿಮ್ಮ ಮಾಡೆಲ್ಲಿನ ಹೆಸರು ಮಾತ್ರ ತರಬೇಡಿ. ತಯಾರಿಕೆಯ ಹಂತಗಳ ಒಳ್ಳೆಯ ಫೋಟೋಗಳನ್ನು ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಫೋಟೋದ ಹಕ್ಕು ಕಂಪನಿಯದಾಗಿದ್ದರೆ ಕಂಪನಿಯ ಇಮೇಲಿನಿಂದ ಅನುಮತಿ ಕಳಿಸಬೇಕಾಗುತ್ತದೆ, ಮತ್ತು ಅಲ್ಲಿ ಹಾಕಿದ ಚಿತ್ರವನ್ನು ವ್ಯಾಪಾರಕ್ಕೂ ಸೇರಿ ಯಾರು ಬೇಕಾದರೂ ಬಳಸಬಹುದು ಎಂಬುದನ್ನು ಮಾಲಕರಿಗೆ ಮೊದಲೇ ಹೇಳಿ ಒಪ್ಪಿಗೆ ತಗೊಳ್ಳಿ.

ಇನ್ನು ಇಪ್ಪತ್ತೈದರ ಸಂಭ್ರಮಕ್ಕೆ ಏನು ಮಾಡುವುದು ಎಂದರೆ, ಕಂಪನಿಯ ಚರಿತ್ರೆಯನ್ನು ನಿಮ್ಮದೇ ವೆಬ್‌ಸೈಟಿನಲ್ಲಿ ಕನ್ನಡದಲ್ಲಿ ಪೂರ್ತಿ ಬರೆಯಿರಿ. ಮೊದಲ ಶೆಡ್ಡಿನ ಬಾಡಿಗೆ ಕರಾರು, ಹಳೆಯ ಬಿಲ್ಲುಗಳು, ಮೊದಲ ಕೂರಿಗೆಯ ನಕಾಶೆ, ನಿವೃತ್ತರಾದ ಫಿಟ್ಟರ್‌ಗಳ ನೆನಪು ಎಲ್ಲವನ್ನೂ ತಾರೀಖಿನೊಂದಿಗೆ ಜೋಡಿಸಿಡಿ. ಅಲ್ಲಿ ನಿಮ್ಮ ಹೆಮ್ಮೆಗೆ ಯಾರ ಅಡ್ಡಿಯೂ ಇಲ್ಲ. ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ಭಾಗದ ಕೈಗಾರಿಕೆಯ ಮೇಲೆ ಸಂಶೋಧನೆ ಮಾಡುವವರು ಯಾರಾದರೂ ಬಂದರೆ ಆ ಕಪಾಟನ್ನು ತೆರೆದು ಕೊಡಿ, ಅವರು ಏನು ಬರೆಯುತ್ತಾರೆ ಎಂದು ಮೊದಲೇ ತೋರಿಸಿ ಎಂದು ಕೇಳಬೇಡಿ. ಅವರ ಬರಹ ಅಚ್ಚಾದ ದಿನ, ವಿಕಿಪೀಡಿಯಕ್ಕೆ ಬೇಕಾದ ಮೊದಲ ಆಕರ ಸಿಕ್ಕಂತಾಗುತ್ತದೆ.